ತೊಂಬತ್ತಾರರಲ್ಲಿ ಒಬ್ಬಳು

"ಗುಂಡಿ ಕಿತ್ತರೆ ಅರ್ಧ ದಿನದ ಕೂಲಿ ಕಟ್. ಕಲೆಯಾದ್ರೆ ಒಂದು ದಿನದ್ದು. ಹರಿದ್ರೆ ವಾರಪೂರ್ತಿ ಬಿಟ್ಟಿ ಕಸ ಹೊಡೀಬೇಕು. ಗೊತ್ತಾಯ್ತೇನೇ ಬೇವಾರ್ಸಿ?"

ಹೆಡ್‌ಮೇಷ್ಟ್ರು ಇಸ್ತ್ರಿ ಮಾಡಿದ ಸಮವಸ್ತ್ರವನ್ನು ಕಸ ಗುಡಿಸುವವಳ ಕಡೆ ಎಸೆದರು.

ಆ ಶಾಲೆಯ ನಾಲ್ಕನೇ ತರಗತಿಯಲ್ಲಿ ಇದ್ದದ್ದೇ ಹದಿನೇಳು ಮಕ್ಕಳು. ಇಪ್ಪತ್ತಕ್ಕೆ ಕಡಿಮೆಯಾದರೆ ತರಗತಿ ಮುಚ್ಚಿ, ಹೆಡ್‌ಮೇಷ್ಟ್ರನ್ನು ಗಡಿ ಸೀಮೆಗೆ ಎತ್ತಂಗಡಿ ಮಾಡುತ್ತಾರೆ. ಎಣಿಸಿಕೊಂಡು ಹೋಗಲು ಇಲಾಖೆಯ ಸಾಹೇಬರು ಬರುವವರಿದ್ದರು. ಅದಕ್ಕೇ ಮಾಲಿಯ ಇಬ್ಬರು ಮಕ್ಕಳು, ಇವಳ ಮಗಳೊಬ್ಬಳು ಆ ಒಂದು ಬೆಳಗಿನ ಮಟ್ಟಿಗೆ ಬೆಂಚು ತುಂಬಬೇಕಿತ್ತು.

ಮಗಳು ಓದುತ್ತಿದ್ದದ್ದು ಕಲ್ಲುಗಣಿಯ ಕೆಳಗಿನ ಶಾಲೆಯಲ್ಲಿ. ಅಲ್ಲಿ ನಾಲ್ಕನೇ ತರಗತಿಗೆ ಒಂದೇ ಕೋಣೆ, ತೊಂಬತ್ತಾರು ಮಕ್ಕಳು. ತಡವಾಗಿ ಹೋದವರಿಗೆ ಹೊಸ್ತಿಲೇ ಗತಿ. ಇಲ್ಲಿ ಬೆಂಚಿಗೆ ಇಬ್ಬರೇ. ಆದರೂ ಹುಡುಗಿ ತುದಿಯಲ್ಲಿ ಮುದುಡಿ ಕೂತಳು, ಇನ್ನೂ ಮೂವರು ಬರುವವರಿದ್ದಾರೆ ಎಂಬಂತೆ. ತಾಯಿ ಪೊರಕೆ ಹಿಡಿದು ಬಾಗಿಲಾಚೆಯಿಂದ ನೋಡುತ್ತಿದ್ದಳು.

ಸಾಹೇಬರು ಮೆತ್ತನೆ ಮಾತಿನವರು. ಗಡಿ ಸೀಮೆಯಲ್ಲಿ ಕೋಣೆಗೆ ಅರವತ್ತು, ಕರಾವಳಿಯಲ್ಲಿ ನಲವತ್ತು, ನಿಮ್ಮಲ್ಲಿ ಎಷ್ಟು ನೆಮ್ಮದಿ ಎಂದು ಮೇಷ್ಟ್ರನ್ನು ಹೊಗಳಿ, ಬೆಂಚಿನ ತುದಿಯಲ್ಲಿದ್ದ ಆ ಹುಡುಗಿಯ ತಲೆ ಸವರಿದರು.

"ನಿಮ್ಮ ಕ್ಲಾಸಲ್ಲಿ ಎಷ್ಟು ಜನ ಪುಟ್ಟೀ?"

"ತೊಂಬತ್ತಾರು ಸಾರ್."

ಮಕ್ಕಳು ಗೊಳ್ಳೆಂದು ನಕ್ಕರು. ಹೆಡ್‌ಮೇಷ್ಟ್ರು ಬಾಗಿಲ ಕಡೆ ತಿರುಗಿ, "ನಿನ್ನ ಮಗಳಲ್ವೇನೇ? ಹೇಳು ಸಾಹೇಬ್ರಿಗೆ" ಎಂದು ಕಣ್ಣು ಬಿಟ್ಟರು. ತಾಯಿಯ ನಾಲಿಗೆ ತಾನಾಗಿ ಹೊರಳಿತು.

"ದಡ್ಡ ಮುಂಡೇದು ಸ್ವಾಮಿ. ಅದಕ್ಕೆ ಎಣ್ಸೋಕೆ ಬರಲ್ಲ."

ಆಡಿದವಳೇ ನೆಲ ನೋಡಿದಳು. ಅಂಗಡಿಯವನು ಚಿಲ್ಲರೆಯಲ್ಲಿ ತನಗೆ ಟೋಪಿ ಹಾಕದಂತೆ ಕಾಯುತ್ತಿದ್ದವಳು ಈ ಮಗಳೇ.

ಹುಡುಗಿ ಎದ್ದು ನಿಂತಳು. ಒಂದೊಂದು ತಲೆಗೂ ಬೆರಳು ಮಾಡಿ, ಮಾಲಿಯ ಮಕ್ಕಳನ್ನೂ ತನ್ನನ್ನೂ ಬಿಟ್ಟು, ಗಟ್ಟಿಯಾಗಿ ಎಣಿಸಿದಳು.

"ಇವ್ರು ಹದಿನೇಳು. ನಾವು ಮೂರು ಜನ ಇವತ್ತಿಗೆ ಮಾತ್ರ. ನಮ್ಮ ಸ್ಕೂಲಲ್ಲಿ ತೊಂಬತ್ತಾರು." ಆಮೇಲೆ ಬಾಗಿಲ ಕಡೆ ತಿರುಗಿದಳು. "ನಂಗೆ ಎಣ್ಸೋಕೆ ಬರುತ್ತವ್ವಾ."

ಸಾಹೇಬರು ಇಪ್ಪತ್ತು ಎಂದು ಬರೆದುಕೊಂಡು, ಮೇಷ್ಟ್ರ ಜೊತೆ ಟೀ ಕುಡಿಯಲು ಹೋದರು.

ತರಗತಿ ಉಳಿಯಿತು, ಮೇಷ್ಟ್ರೂ ಉಳಿದರು. ಇವಳ ಕೆಲಸ ಅಂದೇ ಹೋಯಿತು. ಆಮೇಲೆ ಬೇರೆ ಕಡೆ ಸಿಕ್ಕಿತು. ಮಗಳು ಮಾತ್ರ ಅಂದಿನಿಂದ ತಾಯಿಯ ಮಗ್ಗುಲಲ್ಲಿ ಮಲಗಲಿಲ್ಲ.