ಹೊಣೆ ಹೊತ್ತವರ ಕಾಲಂ

ಗೇಟಪ್ಪ ಅಂದರೆ ದಂಡಿನವರಿಗೆಲ್ಲ ಗೊತ್ತು. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ, ಅದರಲ್ಲಿ ಹದಿನಾಲ್ಕು ವರ್ಷ ಇದೇ ದಂಡು ಪ್ರದೇಶದ ಮುಖ್ಯ ಗೇಟಿನಲ್ಲಿ ಹವಾಲ್ದಾರನಾಗಿ ನಿಂತವನು. ಅಪ್ಪ ಅಮ್ಮ ಇಟ್ಟ ಹೆಸರು ಪಿಂಚಣಿ ಕಾಗದದಲ್ಲಿ ಮಾತ್ರ ಉಳಿದಿತ್ತು. ಪಾಸಿಲ್ಲ ಅಂತ ಕರ್ನಲ್ ಸಾಹೇಬರ ಮಾವನನ್ನೇ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ಸು ಅಟ್ಟಿದ ಮಹಾನುಭಾವ. ಒಂದು ದಿನ ಮರೆತು ಬಂದ ಕನ್ನಡಕ ಕೊಡಲು ಓಡಿ ಬಂದ ಹೆಂಡತಿಗೂ ‘ಪಾಸ್ ಎಲ್ಲಿ?’ ಅಂದಿದ್ದ. ಅವತ್ತು ಸಂಜೆ ಮನೆಯಲ್ಲಿ ಏನು ನಡೆಯಿತು ಅನ್ನುವುದನ್ನು ಇಲ್ಲಿ ಹೇಳುವುದು ಬೇಡ.

ಅಂಥವನಿಗೆ ಈಗ ಮರೆವಿನ ರೋಗ. ಹದಿನೈದು ದಿನಕ್ಕೊಮ್ಮೆ ಒಂದು ಇಂಜೆಕ್ಷನ್, ಅದೂ ದಂಡಿನ ಒಳಗಿರುವ ಆಸ್ಪತ್ರೆಯಲ್ಲೇ ಆಗಬೇಕು. ಹತ್ತೂವರೆಗೆ ಇಂಜೆಕ್ಷನ್ ಕೋಣೆಯ ಬಾಗಿಲು ಹಾಕುತ್ತಾರೆ. ಹೋದ ಸಲದ್ದು ತಪ್ಪಿತ್ತು. ಇನ್ನೊಂದು ತಪ್ಪಿದರೆ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತೇವೆ, ಆಮೇಲೆ ಇರುವಷ್ಟು ನೆನಪೂ ಹೋಗುತ್ತೆ ಅಂತ ಡಾಕ್ಟರು ಫೋನಿನಲ್ಲಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು.

ಹೋದ ಸಲ ತಪ್ಪಿದ್ದು ಯಾಕೆ ಅಂತೀರಾ? ಹೊಸ ನಿಯಮ. ಹೆಂಡಂದಿರ ಹಳೆಯ ಕಾರ್ಡುಗಳೆಲ್ಲ ಒಂದೇ ಏಟಿಗೆ ರದ್ದಾಗಿದ್ದವು. ಗೇಟಿನ ಪಕ್ಕದ ಕಾಯುವ ಕೋಣೆಯ ಗೋಡೆಗೆ ಬೋರ್ಡು ಹಾಕಿದ್ದರು: ಮಾಜಿ ಸೈನಿಕರು ಕಾರ್ಡು ತೋರಿಸಿ ಒಳಗೆ ಹೋಗಬಹುದು, ನಾಗರಿಕರು ಕಾರ್ಡುದಾರರ ಅತಿಥಿಯಾಗಿ, ಅವರ ಹೊಣೆಯಲ್ಲಿ, ಅವರು ಬಾಯಿಬಿಟ್ಟು ಗುರುತು ಹೇಳಿದರೆ ಮಾತ್ರ. ಅವತ್ತು ಗೇಟಪ್ಪ ಬಾಯಿ ಬಿಡಲೇ ಇಲ್ಲ. ಅವನೊಬ್ಬನನ್ನೇ ಒಳಗೆ ಬಿಟ್ಟರು. ಎರಡು ಗಂಟೆ ಹುಡುಕಿದ ಮೇಲೆ ಸಿಕ್ಕಿದ್ದು ಲಾರಿ ಶೆಡ್ಡಿನಲ್ಲಿ. ನಿಂತ ಲಾರಿಗಳ ಡ್ರೈವರುಗಳನ್ನು ಸಾಲಾಗಿ ನಿಲ್ಲಿಸಿ ಪಾಸು ಕೇಳುತ್ತಿದ್ದನಂತೆ.

ಅದಕ್ಕೇ ಈ ಸಲ ಅವನ ಹೆಂಡತಿ ಟೈಲರಮ್ಮ ಸೊಂಟ ಕಟ್ಟಿಕೊಂಡೇ ಬಂದಿದ್ದಳು. ಗೇಟಿನ ಎದುರು ರಸ್ತೆಯಾಚೆ ಆಕೆಯ ಹೊಲಿಗೆ ಅಂಗಡಿ. ದಂಡಿನ ಅರ್ಧ ಜನರ ತೋಳಿನ ಪಟ್ಟಿ, ಎದೆಯ ಹೆಸರುಪಟ್ಟಿ ಆಕೆ ಹೊಲಿದದ್ದೇ. ಬೆಳಿಗ್ಗೆ ಅಂಗಡಿ ತೆಗೆಯದೆ, ಗಂಡನಿಗೆ ಇಸ್ತ್ರಿ ಅಂಗಿ ಹಾಕಿಸಿ, ದಾರಿಯುದ್ದಕ್ಕೂ ಮಗ್ಗಿ ಹೇಳಿಕೊಡುವ ಹಾಗೆ ಹೇಳಿಕೊಟ್ಟಿದ್ದಳು: “ನಾನು ಯಾರು? ನಿಮ್ಮ ಹೆಂಡ್ತಿ. ಕೇಳಿದ್ರೆ ಹೆಂಡ್ತಿ ಅನ್ನಿ, ಅಷ್ಟೇ ಸಾಕು.” ಅವನೂ “ಹೂಂ, ಹೆಂಡ್ತಿ” ಅಂದಿದ್ದ. ಮೂರು ಸಲ ಅಂದಿದ್ದ.

ಕಾಯುವ ಕೋಣೆಯ ಕಿಟಕಿಯ ಹತ್ತಿರ ಬಂದಾಗ ಒಂಬತ್ತು ಐವತ್ತು. ಗಾಜಿನ ಹಿಂದೆ ಕೂತಿದ್ದ ಡ್ಯೂಟಿ ಹವಾಲ್ದಾರ ನಲವತ್ತು ದಾಟಿದವನು, ಮುಖದಲ್ಲಿ ಕೆಡುಕಿಲ್ಲ, ಆದರೆ ನಿಯಮ ಅಂದರೆ ನಿಯಮ ಅನ್ನುವ ಜಾತಿ. ಫೋನುಗಳನ್ನು ಡಬ್ಬಿಗೆ ಹಾಕಿಸಿ ಟೋಕನ್ ಕೊಟ್ಟ. ಗೇಟಪ್ಪನ ಕಾರ್ಡು ನೋಡಿ ಎದ್ದು ಸೆಲ್ಯೂಟು ಹೊಡೆದ. ಆಮೇಲೆ ಕೇಳಿದ.

“ಸರ್, ಇವರು ಯಾರು? ನೀವೇ ಹೇಳ್ಬೇಕು.”

ಆ ಪ್ರಶ್ನೆ ಕಿವಿಗೆ ಬಿದ್ದದ್ದೇ ತಡ, ಗೇಟಪ್ಪನ ಬಾಗಿದ ಬೆನ್ನು ನೆಟ್ಟಗಾಯಿತು. ತಿರುಗಿ ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಕೆ ತುಟಿಯಲ್ಲೇ ‘ಹೆಂಡ್ತಿ, ಹೆಂಡ್ತಿ’ ಅನ್ನುತ್ತಿದ್ದಳು.

“ಗೊತ್ತಿಲ್ಲ,” ಅಂದ ಗೇಟಪ್ಪ. “ಪಾಸ್ ಇದೆಯೇನ್ರೀ ಇವರ ಹತ್ರ? ಇಲ್ವಾ? ಹಾಗಾದ್ರೆ ಒಳಗೆ ಬಿಡ್ಬೇಡಿ. ಪರಿಚಯ ಇಲ್ದವರ ಹೊಣೆ ಯಾವತ್ತೂ ತಗೋಬಾರ್ದು.”

ಮೂವತ್ತೊಂದು ವರ್ಷದ ಸಂಸಾರ! ಈ ಮನುಷ್ಯನ ಜ್ವರಕ್ಕೆ ಎಚ್ಚರವಿದ್ದವಳು, ಮೂಗಿನ ತುದಿಯ ಕೋಪ ನುಂಗಿದವಳು, ಈಗ ಪರಿಚಯ ಇಲ್ಲದವಳಾದಳು. ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಸಿಟ್ಟೇ ಮೊದಲು ಹೊರಗೆ ಬಿತ್ತು.

“ಕೇಳಿದ್ರಲ್ಲ ಹವಾಲ್ದಾರ್ರೇ? ಹೆಂಡ್ತಿ ಗುರುತು ಸಿಗದವರು ನನ್ನ ಹೊಣೆ ಹೊರ್ಬೇಕಂತೆ!”

“ಏನ್ಮಾಡ್ಲಿ ಟೈಲರಮ್ಮ. ಅವರು ಒಬ್ರೇ ಹೋಗ್ಬಹುದು. ಅದು ಅವರ ಹಕ್ಕು.”

“ಒಬ್ರೇ ಹೋಗಿ? ಇವತ್ತು ಬೆಳಿಗ್ಗೆ ಬಚ್ಚಲಿಗೆ ಅಂತ ಎದ್ದವರು ಬೀರು ಬಾಗಿಲು ತೆಗೆದು ನಿಂತಿದ್ರು. ಇವರು ಆಸ್ಪತ್ರೆ ಹುಡುಕ್ತಾರಾ?”

“ಸಹಾಯಕರ ಪಾಸ್ ಅಂತ ಕೊಡ್ತಾರಮ್ಮ. ಮಾಡಿಸ್ಕೊಂಡುಬಿಡಿ.”

“ಎಲ್ಲಿ?”

“ಒಳಗೆ, ದಾಖಲೆ ಆಫೀಸಲ್ಲಿ.”

“ಒಳಗೆ ಹೋಗೋಕೆ?”

“ಪಾಸ್…” ಅಂದು ಹವಾಲ್ದಾರ ಅಷ್ಟಕ್ಕೇ ನಿಲ್ಲಿಸಿಬಿಟ್ಟ. ತನ್ನ ಮಾತು ತನಗೇ ಕೇಳಿಸಿರಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿಯ ಕುರ್ಚಿಯಲ್ಲಿ ಕೂತವನ ಪಾಡು ಅವನದು. “ನಾನು ಬಿಟ್ರೆ ನನ್ನ ತಲೆ ಹೋಗುತ್ತಮ್ಮ,” ಅಂದ ಮೆಲ್ಲಗೆ.

“ನಿಮ್ಮ ತೋಳಿನ ಮೂರನೇ ಪಟ್ಟಿ ಹೊಲಿದವಳು ನಾನು. ಅವತ್ತು ನನ್ನ ಪರಿಚಯ ಇತ್ತು, ಅಲ್ವಾ?”

ಹವಾಲ್ದಾರ ತೋಳು ನೋಡಿಕೊಂಡ. ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ ಐದು ನಿಮಿಷ.

ಈಗ ಕೇಳಿ, ಟೈಲರಮ್ಮ ಎಂಥವಳು ಅಂದರೆ, ಬೇರೆಯವರು ಚಾಪೆ ಕೆಳಗೆ ತೂರಿದರೆ ಆಕೆ ರಂಗೋಲಿ ಕೆಳಗೆ ತೂರುವವಳು. ಕಿಟಕಿಯ ಕಟ್ಟೆಯ ಮೇಲೆ ದಾರ ಕಟ್ಟಿದ ಪೆನ್ನಿನ ಜೊತೆ ಅತಿಥಿಗಳ ರಿಜಿಸ್ಟರು ತೆರೆದೇ ಇತ್ತು. ಅದನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ‘ಅತಿಥಿ’ ಅನ್ನುವ ಕಾಲಮ್ಮಿನಲ್ಲಿ ಗಂಡನ ಹೆಸರು ಬರೆದಳು, ಪಿಂಚಣಿ ಕಾಗದದಲ್ಲಿರುವ ಪೂರ್ತಿ ಹೆಸರು. ‘ಹೊಣೆ ಹೊತ್ತವರು’ ಅನ್ನುವಲ್ಲಿ ತನ್ನ ಹೆಸರು. ‘ಸಂಬಂಧ’ ಅನ್ನುವಲ್ಲಿ ‘ಹೆಂಡತಿ’. ಕೆಳಗೆ ಸಹಿ.

“ಅಯ್ಯೋ, ಏನಮ್ಮಾ ಇದು! ಉಲ್ಟಾ ಬರೆದುಬಿಟ್ರಲ್ಲ!”

“ಉಲ್ಟಾ ಬರೆದಿರೋದು ನಿಮ್ಮ ಬೋರ್ಡಲ್ಲಿ. ನಾನು ಸರಿಯಾಗಿ ಬರೆದಿದೀನಿ. ಮೇಲಿನವರು ಕೇಳಿದ್ರೆ ಈ ಪುಟ ತೋರಿಸಿ, ನನ್ನ ಅಂಗಡೀನೂ ತೋರಿಸಿ. ಎಲ್ಲೂ ಓಡಿಹೋಗಲ್ಲ ನಾನು.”

ಗಂಡನ ಕೈ ಹಿಡಿದು ಹೊರಟೇಬಿಟ್ಟಳು. ಹವಾಲ್ದಾರ ಕಿಟಕಿ ಬಿಟ್ಟು ಹೊರಗೆ ಓಡಿ ಬಂದ. ರಸ್ತೆಗೆ ಅಡ್ಡವಾಗಿ ಕೆಂಪು ಬಿಳಿ ಬಣ್ಣದ ಕಂಬ. “ಟೈಲರಮ್ಮ, ನಿಲ್ಲಿ! ಸೀಟಿ ಊದ್ತೀನಿ ನೋಡಿ!”

“ಊದಪ್ಪ. ಜನ ಸೇರಲಿ. ಎಲ್ಲರಿಗೂ ನಿಮ್ಮ ಬೋರ್ಡು ಓದಿ ಹೇಳ್ತೀನಿ.”

ಆಕೆ ತಲೆ ಬಗ್ಗಿಸಿ ಕಂಬದ ಕೆಳಗೆ ನುಸುಳಿದಳು. ಕೈ ಹಿಡಿದಿದ್ದ ಗಂಡ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕಂಬದ ಆಚೆಯೇ ಬೇರು ಬಿಟ್ಟು ನಿಂತ. ಹತ್ತು ಗಂಟೆ ಹನ್ನೆರಡು ನಿಮಿಷ. ಈ ಗೇಟನ್ನೆಲ್ಲ ಗೆದ್ದು ಕಡೆಗೆ ಈ ಮನುಷ್ಯನ ಕೈಲೇ ಸೋಲಬೇಕೇ ಅಂತ ಆಕೆ ಅವನ ಕೈ ಜಗ್ಗಿದಳು.

“ನಿಲ್ಲಿ,” ಅಂದ ಗೇಟಪ್ಪ, ಹದಿನಾಲ್ಕು ವರ್ಷದ ದನಿಯಲ್ಲಿ. “ಹೊಣೆ ಯಾರು?”

“ನಾನು.”

“ಯಾರಿಗೆ?”

“ನಿಮಗೆ.”

ಅವನು ಆಕೆಯ ಮುಖವನ್ನೇ ನೋಡಿದ. ಗುರುತು ಸಿಕ್ಕಿತೇ? ಇಲ್ಲ, ಸುಳ್ಳು ಯಾಕೆ ಹೇಳಲಿ, ಸಿಗಲಿಲ್ಲ.

“ರಿಜಿಸ್ಟರಲ್ಲಿ ಬರೆದಿದೀರಾ?”

“ಬರೆದಿದೀನಿ.”

“ಸಹಿ?”

“ಹಾಕಿದೀನಿ.”

ಗೇಟಪ್ಪ ಡ್ಯೂಟಿ ಹವಾಲ್ದಾರನ ಕಡೆ ತಿರುಗಿದ. “ಏನ್ರೀ ಇದು? ಹೊಣೆಗಾರರು ಎದುರಿಗೇ ನಿಂತಿದಾರೆ, ಬರೆದು ಸಹಿ ಹಾಕಿದಾರೆ. ಮತ್ಯಾಕೆ ಈಯಮ್ಮನ್ನ ಕಂಬದ ಕೆಳಗೆ ನುಸುಳೋ ಹಾಗೆ ಮಾಡಿದ್ರಿ? ನಾಚಿಕೆ ಆಗಲ್ವಾ? ಗೇಟ್ ತೆಗೀರಿ!”

ಹವಾಲ್ದಾರನ ಬಾಯಿಂದ “ಸರ್” ಅಂತ ತಾನಾಗಿ ಬಂತು. ಕೈಯೂ ತಾನಾಗಿ ಹೋಯಿತು. ಕಂಬ ಮೇಲೆದ್ದಿತು. ಗೇಟಪ್ಪ ತಲೆಯೆತ್ತಿಕೊಂಡೇ ಒಳಗೆ ಬಂದು, ಯಾರೋ ಏನೋ ಅಂತಲೂ ಗೊತ್ತಿಲ್ಲದ ಹೆಂಗಸಿನ ಕೈಗೆ ತನ್ನ ಕೈ ಕೊಟ್ಟ. ಆಕೆಗೆ ಕಣ್ಣು ತುಂಬಿ ದಾರಿ ಮಸುಕಾಯಿತು. ಆದರೂ ನಡಿಗೆ ನಿಧಾನ ಮಾಡಲಿಲ್ಲ.

“ಟೈಲರಮ್ಮ,” ಹವಾಲ್ದಾರ ಹಿಂದಿನಿಂದ ಕೂಗಿದ, “ಮುಂದಿನ ಸಲ ಹೀಗೆ ಬರೀಬೇಡಿ!”

“ಮುಂದಿನ ಸಲಾನೂ ಹೀಗೇ ಬರೀತೀನಿ,” ಅಂದಳು ಆಕೆ, ತಿರುಗಿಯೂ ನೋಡದೆ.