ಮಡಿ ನಳದ ಖಟ್ಲೆ

“ಸಮಸ್ತರಿಗೂ ತಿಳಿಯಪಡಿಸೋದೇನಂದ್ರ,” ಎನ್ನುತ್ತ ಅಣ್ಣಾಜಿರಾಯರು ಅವಲಕ್ಕಿಯ ತಾಟು ಬದಿಗೆ ಸರಿಸಿ ಎದ್ದು ನಿಂತರು, “ಈ ಮನಿಯ ಅಡಗಿಮನಿ ನಳಾ ಸೋರೋ ಪ್ರಕರಣಾನ ಇವತ್ತ, ರವಿವಾರ ಮುಂಜಾನೆ, ನಾ ಖುದ್ದ ಕೈಗೆ ತಗೊಂಡೀನಿ. ಯಾರದರೆ ತಕರಾರಿದ್ರ ಈಗ ಹೇಳ್ರಿ.”

ಸಮಸ್ತರು ಎಂದರೆ ಇಬ್ಬರೇ. ಸೌಟು ಹಿಡಿದು ನಿಂತಿದ್ದ ಹೆಂಡತಿ ವೆಂಕೂಬಾಯಿ, ಮೊಬೈಲು ಹಿಡಿದು ಕೂತಿದ್ದ ಮಗಳು ಹರಿಪ್ರಿಯಾ. ಹಾವೇರಿಯ ಕೋರ್ಟಿನಲ್ಲಿ ಆಯುಷ್ಯವಿಡೀ ಕಾರಕೂನಿಕೆ ಮಾಡಿದ ರಾಯರು ಹೋದ ತಿಂಗಳಷ್ಟೇ ನಿವೃತ್ತರಾಗಿದ್ದರು. ಅಂದಿನಿಂದ ಮನೆಯೇ ಅವರ ಕೋರ್ಟು. ವ್ಯತ್ಯಾಸ ಇಷ್ಟೇ, ಅಲ್ಲಿ ಸಾಹೇಬರು ಆಗಾಗ ಬದಲಾಗುತ್ತಿದ್ದರು.

ನಳ ಸೋರಲು ಹತ್ತಿ ಬಹಳ ದಿನಗಳಾಗಿದ್ದವು. ಊರಿಗೆ ನೀರು ಬಿಡುವುದು ವಾರಕ್ಕೊಮ್ಮೆ. ಹಾಗೆ ತುಂಬಿಸಿಕೊಂಡ ಮಾಳಿಗೆಯ ಮೇಲಿನ ಟಾಕಿ ಟಪ್ ಟಪ್ ಎಂದು ಕೊಳಗದೊಳಗೆ ಇಳಿದು, ಕೊಳಗದಿಂದ ಉಕ್ಕಿ ಮೋರಿ ಸೇರುತ್ತಿತ್ತು. ನಳ ಕೆಟ್ಟ ಮನೆಯಲ್ಲಿ ನಳಪಾಕ ಎಲ್ಲಿಂದ ಬರಬೇಕು? ಪ್ಲಂಬರ್ ಚಾಂದಸಾಬ ರಾಣೆಬೆನ್ನೂರಿನಲ್ಲಿ ಯಾವುದೋ ಬೀಜದ ಕಂಪನಿಯ ಹೊಸ ಕಟ್ಟಡಕ್ಕೆ ಪೈಪು ಜೋಡಿಸುತ್ತಿದ್ದ. ಫೋನು ಮಾಡಿದಾಗಲೆಲ್ಲ ನಾಳೆ ಬರ್ತೀನಿ ಎನ್ನುತ್ತಿದ್ದ. ಕೋರ್ಟಿನ ತಾರೀಖುಗಳ ನಡುವೆಯೇ ಬೆಳೆದ ರಾಯರಿಗೂ ಆ ನಾಳೆ ಉದ್ದವೆನಿಸಿತ್ತು.

ಆದರೆ ರಾಯರು ನಳ ಬಿಚ್ಚುವ ಪಾನಾ ಹಿಡಿದದ್ದು ನೀರಿನ ಮೇಲಿನ ಕರುಣೆಯಿಂದಲ್ಲ. ವೆಂಕೂಬಾಯಿಯ ತಮ್ಮ ಬಿಂದಪ್ಪ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮ್ಯಾನೇಜರ್. ಮನೆಯಲ್ಲಿ ಕೂತು ಒಗ್ಗರಣೆಯ ಸಾಸಿವೆಗೂ ತೀರ್ಪು ಕೊಡುವ ಗಂಡನನ್ನು ಹೊರಗೆ ಹಾಕಲು ಅಕ್ಕ ಬೇಡಿಕೊಂಡಿದ್ದಳು. ತಮ್ಮ ಗೇಟಿನ ಬಳಿ ಒಂದು ಕುರ್ಚಿ ತೆರವು ಮಾಡಿಸಿದ್ದ. ಸೋಮವಾರದಿಂದಲೇ ಬರಬೇಕು, ಮೆಣಸಿನಕಾಯಿ ಚೀಲ ಹೊತ್ತ ಗಾಡಿಗಳಿಗೆ ಪಾಸು ಕೊಡಬೇಕು. ಮೆಣಸಿನಕಾಯಿಯ ಘಾಟು ರಾಯರಿಗೆ ಜನ್ಮವೈರಿ. ರೈಲು ಬ್ಯಾಡಗಿ ದಾಟುವಾಗ ಕಿಟಕಿ ಹಾಕಿಕೊಂಡು ಕೂತರೂ ರಾಣೆಬೆನ್ನೂರು ಬರುವವರೆಗೆ ಸೀನುವ ಮೂಗು ಅವರದು.

ಅದಕ್ಕೇ ಕರಾರು ನಡೆಯಿತು. ಮನೆಯಲ್ಲಿ ತಾನೂ ಉಪಯೋಗಕ್ಕೆ ಬರುತ್ತೇನೆಂದು ತೋರಿಸಿದರೆ ಬ್ಯಾಡಗಿ ರದ್ದು ಮಾಡಬೇಕೆಂದು ರಾಯರು ಕೇಳಿದರು. ವೆಂಕೂಬಾಯಿ ಸೌಟಿನಿಂದ ನಳವನ್ನು ತೋರಿಸಿದಳು.

“ನಾಳೆ ಮುಂಜಾನೆ ಈ ನಳದ ನೀರು ಹಿಡದು ನಾ ಮಡೀಲೆ ಅಡಗಿ ಮಾಡಬೇಕು. ಮಾಡಿದ್ರ ನೀವು ಗೆದ್ರಿ. ಇಲ್ಲಾ, ಏಳರ ಗಾಡಿಗೆ ಡಬ್ಬಿ ಕಟ್ಟತೀನಿ.”

“ಒಪ್ಪಿಗಿ ಅದ,” ಎಂದರು ರಾಯರು. ಹರಿಪ್ರಿಯಾ ಸಾಕ್ಷಿಯಾಗಿ ಕರಾರಿನ ಮಾತನ್ನೆಲ್ಲ ಮೊದಲಿನಿಂದಲೇ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದಳು.

ರಾಯರು ಧೋತರ ಎತ್ತಿಕಟ್ಟಿ, ಪಾನಾ ಹಚ್ಚಿ, ದೇವರ ಹೆಸರು ಹೇಳಿ ತಿರುವಿದರು. ನಳದ ತಲೆ ಕೈಗೆ ಬಂತು. ಬೆನ್ನಿಗೇ ನೀರೂ ಬಂತು, ಮುಖಕ್ಕೆ, ಅಟ್ಟಕ್ಕೆ, ಗೋಡೆಯ ಕ್ಯಾಲೆಂಡರಿನ ಮೇಲೆ. ಟಾಕಿಯ ವಾಲ್ವು ಬಂದ್ ಮಾಡುವುದನ್ನು ವಾದಿ, ಪ್ರತಿವಾದಿ, ಸಾಕ್ಷಿ ಮೂವರೂ ಮರೆತಿದ್ದರು. ಹರಿಪ್ರಿಯಾ ನಕ್ಕು ನಕ್ಕು ಕುಂತಲ್ಲೇ ಜಾರಿದಳು. ರಾಯರು ಹಸಿ ಧೋತರದಲ್ಲೇ ಏಣಿ ಹತ್ತಿ ಮಾಳಿಗೆಗೆ ಓಡಿ ನೀರಿಗೆ ತಡೆಯಾಜ್ಞೆ ತಂದರು. ಇಳಿದು ಬಂದಾಗ ಅವರ ಕಣ್ಣು ಹೊಳೆಯುತ್ತಿದ್ದವು. ಅಷ್ಟು ವರ್ಷದ ನೌಕರಿಯಲ್ಲಿ ಕೈ ಒದ್ದೆಯಾಗಿದ್ದು ಶಾಯಿಯಿಂದ ಮಾತ್ರ.

ನಳದ ಹೊಟ್ಟೆಯೊಳಗೆ ಆರೋಪಿ ಸಿಕ್ಕಿತು. ಗುಂಡಗಿನ ಸಣ್ಣ ವಾಶರ್, ಹಳಸಿದ ಕರಿಗಡುಬಿನಂತೆ ಪುಡಿಯಾಗಿತ್ತು. ಹೊಸದು ಬೇಕು. ರವಿವಾರವಾದ್ದರಿಂದ ಬಜಾರಿನ ಅಂಗಡಿಗಳೆಲ್ಲ ಬಂದ್. ರಾಯರು ಪುಡಿಯಾದ ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡು ಹಿತ್ತಲಿಗೆ ಹೋದರು. ಅಲ್ಲಿ ಹೆಂಡತಿಯ ರಬ್ಬರಿನ ಹವಾಯಿ ಚಪ್ಪಲಿ ಬಿದ್ದಿದ್ದವು. ಕಣ್ಣು ಅವುಗಳ ಮೇಲೆ ಹೋಯಿತು, ಕೈ ಹೋಗಲಿಲ್ಲ. ಇಂಥ ವಿಷಯದಲ್ಲಿ ಅವರ ಧೈರ್ಯಕ್ಕೂ ಒಂದು ವ್ಯಾಪ್ತಿಯಿತ್ತು. ಪಕ್ಕದಲ್ಲಿ ಅವರವೇ ಚಪ್ಪಲಿಗಳಿದ್ದವು. ನಿವೃತ್ತಿಯ ದಿನ ಶಾಲಿನ ಜೊತೆ ಸಹೋದ್ಯೋಗಿಗಳು ಕೊಟ್ಟಿದ್ದ, ದಪ್ಪ ಅಟ್ಟೆಯ, ನಡೆದರೆ ಕಿರ್ ಎನ್ನುವ ಕೊಲ್ಹಾಪುರಿ. ರಾಯರು ಒಂದು ಕ್ಷಣ ತಡೆದರು. ಆಮೇಲೆ ಎಡಗಾಲಿನದನ್ನು ತೊಡೆಯ ಮೇಲಿಟ್ಟು, ಹಿಮ್ಮಡಿಯ ಭಾಗವನ್ನು ಚಾಕುವಿನಿಂದ ಆರಪಾರ ಗುಂಡಗೆ ಕೊರೆದು, ಅಡಕೊತ್ತಿನಿಂದ ಅಂಚು ತಿದ್ದಿ, ಎಂಟಾಣೆಯಗಲದ ಬಿಲ್ಲೆ ತೆಗೆದರು.

ಬಿಲ್ಲೆ ನಳದಲ್ಲಿ ಹೇಳಿ ಮಾಡಿಸಿದಂತೆ ಕೂತಿತು. ತಲೆ ಬಿಗಿದರು, ವಾಲ್ವು ಬಿಟ್ಟರು, ನಳದ ಕೆಳಗೆ ಒಣ ತಾಟು ಇಟ್ಟರು. ಮೂವರೂ ಬಾಗಿ ಕಾದರು. ಮೂಗಿನ ತುದಿಯಿಂದ ರಾಯರದೇ ಒಂದು ಬೆವರಹನಿ ಬಿದ್ದದ್ದು ಬಿಟ್ಟರೆ ತಾಟು ಒಣಗಿಯೇ ಇತ್ತು. ಇಷ್ಟು ದಿನ ಟಪ್ ಟಪ್ ಎನ್ನುತ್ತಿದ್ದ ಅಡುಗೆಮನೆಯಲ್ಲಿ ಗಡಿಯಾರದ ಸಪ್ಪಳ ಮೊದಲ ಬಾರಿ ಕೇಳಿಸಿತು.

ವೆಂಕೂಬಾಯಿ ಕೊಳಗ ಹಿಡಿದು ನಳ ತಿರುವಿ, ಬಂದ್ ಮಾಡಿ, ಮತ್ತೆ ತಿರುವಿ ನೋಡಿದಳು. ಅವಳ ಮುಖದಲ್ಲಿ ಮದುವೆಯ ಹೊಸತರಲ್ಲಿ ಒಮ್ಮೆ ಕಂಡಿದ್ದ ನಗು ಬಂತು. ಆಗಲೇ ತಮ್ಮನಿಗೆ ಫೋನು ಹಚ್ಚಿ, ಕುರ್ಚಿ ಬೇರೆ ಯಾರಿಗಾದರೂ ಕೊಡು, ನಿಮ್ಮ ಭಾವ ಮನೆಯಲ್ಲೇ ಬೇಕಾಗಿದ್ದಾರೆ ಎಂದಳು. ರಾಯರು ಹಸಿ ಧೋತರವನ್ನು ನಿಲುವಂಗಿಯ ಗತ್ತಿನಲ್ಲಿ ಕೊಡವಿಕೊಂಡು ಪಡಸಾಲೆಯಲ್ಲಿ ಅಡ್ಡಾಡಿದರು. ಮುಂದೆ ಬಚ್ಚಲಿನ ನಳ, ಆಮೇಲೆ ಮಿಕ್ಸರ್, ಆಮೇಲೆ ಇಡೀ ಓಣಿ ಎಂದು ಯೋಜನೆ ಹಾಕಿದರು.

ಹರಿಪ್ರಿಯಾ ಮೊಬೈಲು ಹತ್ತಿರ ತಂದಳು. ಕಾಕಾ, ಮಾಮಾ, ಅತ್ಯಾ ಎಲ್ಲರೂ ನೋಡುತ್ತಾರೆ, ಸರಿಯಾಗಿ ಹೇಳು ಎಂದಳು.

“ವಾಶರ್ ಎಲ್ಲೆ ಸಿಕ್ತು ಅಪ್ಪಾ, ಅಂಗಡಿ ಬಂದ್ ಅವ ಅಲ?”

ವಿಜಯದ ಅಮಲಿನಲ್ಲಿದ್ದವನಿಗೆ ಗುಟ್ಟು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ರಾಯರು ಹಿತ್ತಲಿಗೆ ಹೋಗಿ ಎಡಗಾಲ ಚಪ್ಪಲಿ ತಂದು, ತೂತಿನೊಳಗಿಂದ ಮಗಳ ಕಡೆ ಕಣ್ಣು ಮಿಟುಕಿಸಿದರು.

ಫೋನಿನಲ್ಲಿದ್ದ ವೆಂಕೂಬಾಯಿಯ ಮಾತು ಅರ್ಧಕ್ಕೇ ನಿಂತಿತು. “ಚರ್ಮದ್ದ?”

“ಅಸಲೀ ಚರ್ಮ,” ಎಂದರು ರಾಯರು ಅಭಿಮಾನದಿಂದ. ಹೇಳಿದ ಮೇಲೆ ಅರ್ಥವಾಯಿತು.

ಆ ನೀರು ಬರುವುದು ಚಪ್ಪಲಿ ತೊಳೆದುಕೊಂಡು. ಅದರಿಂದ ಮಡಿಯ ಅಡುಗೆ, ದೇವರ ನೈವೇದ್ಯ. ವೆಂಕೂಬಾಯಿ ಕೊಳಗದ ನೀರನ್ನು ತುಳಸಿಗೂ ಹಾಕದೆ ಮೋರಿಗೆ ಸುರಿದಳು. ರಾಯರು ಮೇಲ್ಮನವಿ ಸಲ್ಲಿಸಿದರು.

“ದೇವರ ಮುಂದ ಮದ್ದಳಿ ಬಾರಸ್ತಾರಲ, ಅದು ಚರ್ಮದ್ದಲ್ಲೇನು?”

“ಬಾರಸ್ತಾರ. ಕುಡಿಯೂದಿಲ್ಲ.”

ಹಾಗಾದರೆ ರಬ್ಬರಿನದು ಕೊಯ್ದು ಹಾಕುತ್ತೇನೆ, ಹಿತ್ತಲಲ್ಲಿ ಹವಾಯಿ ಚಪ್ಪಲಿ ಇದೆ ಎಂದರು. ಅವು ಎಲ್ಲಿಗೆ ಹೋಗುವಾಗ ಮೆಟ್ಟುವ ಚಪ್ಪಲಿ ಎಂದಷ್ಟೇ ವೆಂಕೂಬಾಯಿ ಕೇಳಿದಳು. ಹಿತ್ತಲ ಮೂಲೆಯ ಪಾಯಖಾನೆಯ ಸಣ್ಣ ಬಾಗಿಲನ್ನು ನೆನೆದು ರಾಯರು ಆ ವಾದ ಹಿಂತೆಗೆದುಕೊಂಡರು. ನಳ ಸೋರುತ್ತಿಲ್ಲವಲ್ಲ ಎಂದು ಕೊನೆಯದಾಗಿ ವಾದಿಸಿದರು. ಹರಿಪ್ರಿಯಾ ನಗು ನುಂಗಿ ಮುಂಜಾನೆಯ ಚಿತ್ರೀಕರಣ ಹಚ್ಚಿದಳು. ಅಮ್ಮನ ದನಿ ಸ್ಪಷ್ಟವಾಗಿತ್ತು: ಮಡೀಲೆ ಅಡಗಿ ಮಾಡಬೇಕು. ಸೋರಬಾರದೆಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಇನ್ನೂ ಕಟ್ಟಾಗದ ಫೋನಿನೊಳಗಿಂದ ಬಿಂದಪ್ಪ, ಕುರ್ಚಿ ಇನ್ನೂ ಯಾರಿಗೂ ಕೊಟ್ಟಿಲ್ಲಕ್ಕಾ ಎಂದ.

ಸೋಮವಾರ ಮುಂಜಾನೆ ಪಕ್ಕದ ಮನೆಯಿಂದ ತಂದ ನೀರಿನಲ್ಲಿ ಅಡುಗೆಯಾಯಿತು, ಡಬ್ಬಿ ಕಟ್ಟಿದ್ದಾಯಿತು. ರೈಲು ಇಳಿಯುವ ಮೊದಲೇ ರಾಯರ ಮೂಗು ಬ್ಯಾಡಗಿ ಬಂತೆಂದು ಸಾರಿತು. ಬಿಂದಪ್ಪ ಕುರ್ಚಿ ತೋರಿಸಿ, ಸೀನು ನಿಲ್ಲುವವರೆಗೆ ಕಾದು, ಒಳಗೆ ಹೋದ. ರಾಯರು ಕಾಲ ಮೇಲೆ ಕಾಲು ಹಾಕಿ ಕೂತರು. ಎಡಗಾಲ ಚಪ್ಪಲಿಯ ತೂತಿನಲ್ಲಿ ಆಗಲೇ ಒಂದು ಮೆಣಸಿನಕಾಯಿ ಬೀಜ ಸಿಕ್ಕಿಕೊಂಡಿತ್ತು.

ಗೇಟಿನಾಚೆ, ಹಮಾಲರು ಕೈಕಾಲು ತೊಳೆಯುವ ಕಟ್ಟೆಯ ಕಡೆಯಿಂದ ಸಪ್ಪಳ ಕೇಳಿತು. ಟಪ್. ಸ್ವಲ್ಪ ಬಿಟ್ಟು, ಟಪ್.

ರಾಯರು ಆ ನಳವನ್ನು ನೋಡಿದರು. ಆಮೇಲೆ ಇನ್ನೂ ಇಡಿಯಾಗಿದ್ದ ಬಲಗಾಲ ಚಪ್ಪಲಿಯನ್ನು ಮೆಲ್ಲಗೆ ಕಳಚಿ, ತೊಡೆಯ ಮೇಲಿಟ್ಟುಕೊಂಡು, ಎಲಡಿಕೆಯ ಚೀಲದಲ್ಲಿ ಅಡಕೊತ್ತಿಗಾಗಿ ಕೈಯಾಡಿಸಿದರು.