ಜೋಡಿಗೊಬ್ಬರು

ಬಿಪಿ ನೋಡುವ ಪಟ್ಟಿ ಶಮೀನಾಳ ತೋಳಿಗೆ ಸಾಲಲಿಲ್ಲ. ನರ್ಸು ಎರಡು ಸಲ ಎಳೆದು ಅಂಟಿಸಿದಳು, ಎರಡು ಸಲವೂ ಅದು ಚರ್ರೆಂದು ಬಿಚ್ಚಿಕೊಂಡಿತು. "ತಡೀರಿ, ದೊಡ್ಡದು ತರ್ತೀನಿ" ಎಂದು ಎದ್ದವಳು, ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಗಂಗಾಳನ್ನು ನೋಡಿ ನಿಂತಳು.

"ಅಯ್ಯ, ಟೀಚರ್, ನೀವೇನ್ರಿ? ಗುರುತ ಹಿಡೀಲಿಲ್ಲ ನಾ. ಮತ್ತ ಡ್ರಿಪ್ ಹಾಕಿಸ್ಕೊಳ್ಳಾಕ ಬಂದ್ರೇನು?"

"ಇಲ್ಲ ಸಿಸ್ಟರ್. ಇವರ ಜೋಡಿ ಬಂದೀನಿ."

"ವಾಂತಿ ನಿಂತಾವೇನು ಈಗ? ಹೋದ ಸಲ ಗುಟುಕು ನೀರು ಸೈತ ಹೊಟ್ಟ್ಯಾಗ ನಿಲ್ತಿದ್ದಿಲ್ಲ ನಿಮಗ. ರಕ್ತ ಬ್ಯಾರೆ ಅಷ್ಟು ಕಡಿಮಿ ಆಗಿತ್ತು."

ಗಂಗಾ ತೊಡೆಯ ಮೇಲಿದ್ದ ಚೀಲದ ಜಿಪ್ಪನ್ನು ಎಳೆದಳು, ಮತ್ತೆ ಮುಚ್ಚಿದಳು. "ಈಗ ಛಲೋ ಅದೀನ್ರಿ" ಎಂದಳು.

ನರ್ಸು ದೊಡ್ಡ ಪಟ್ಟಿ ತಂದು ಸುತ್ತಿ, ಗಾಳಿ ತುಂಬಿ, ಮುಖ ಸಣ್ಣದು ಮಾಡಿದಳು. "ಬಿಪಿ ಏರೈತಲ್ರಿ. ನಾಳೆ ಆಪರೇಷನ್ ಅಂದ್ರ ಎಲ್ಲಾರಿಗೂ ಹಿಂಗ ಆಗ್ತೈತಿ, ಗಾಬರಿ ಆಗಬ್ಯಾಡ್ರಿ. ಟೀಚರ್ ಅದಾರಲ್ಲ, ಧೈರ್ಯ ಹೇಳ್ತಾರ" ಎಂದು ಟ್ರೇ ಎತ್ತಿಕೊಂಡು ಹೋದಳು.

ಪಕ್ಕದ ಮಂಚ ಖಾಲಿ ಇತ್ತು. ಕಿಟಕಿಯ ಹೊರಗೆ ಹುಬ್ಬಳ್ಳಿಯ ಮಧ್ಯಾಹ್ನದ ಗದ್ದಲ. ಶಮೀನಾ ತೋಳಿನ ಮೇಲೆ ಪಟ್ಟಿ ಬಿಟ್ಟುಹೋದ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತಳು. ಗಂಗಾಳ ಕಡೆ ನೋಡಲಿಲ್ಲ. ನೋಡಿದರೆ ಅವಳು ನಕ್ಕುಬಿಡುತ್ತಾಳೆ, ನಕ್ಕರೆ ತಾನು ಮತ್ತೆ ನಂಬಿಬಿಡುತ್ತೇನೆ ಎಂಬ ಭಯ.

ಇವರಿಬ್ಬರ ಗೆಳೆತನ ಶುರುವಾದದ್ದು ಟೇಪಿನಿಂದ. ಗಂಗಾವತಿಯಲ್ಲಿ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ಶಮೀನಾ ಹೆಂಗಸರ ಬಟ್ಟೆ ಹೊಲಿಯುತ್ತಾಳೆ. ಶ್ರೀರಾಮನಗರದ ಸಾಲಿಯಲ್ಲಿ ಮಾಸ್ತರಿಕೆ ಮಾಡುವ ಗಂಗಾ ಒಂದು ದಿನ ಬ್ಲೌಸ್ ಪೀಸು ಹಿಡಿದುಕೊಂಡು ಬಂದು ಹೊಸ್ತಿಲಾಚೆಯೇ ನಿಂತಿದ್ದಳು. ಬೇರೆ ಅಂಗಡಿಯವನು ಅಳತೆ ತೆಗೆಯುವಾಗ ಪಕ್ಕದವನಿಗೆ ಕಣ್ಣು ಹೊಡೆದಿದ್ದನ್ನು ಕಂಡು ಬಂದವಳು. ಶಮೀನಾ ಟೇಪು ಸುತ್ತಿದಳು. ಸಾಲಲಿಲ್ಲ. ಇನ್ನೊಂದು ಟೇಪು ತೆಗೆದು ಅದರ ತುದಿಗೆ ಪಿನ್ನು ಹಾಕಿ ಜೋಡಿಸಿ, "ಇದು ನನ್ನ ಸಲುವಾಗಿ ಇಟ್ಕೊಂಡದ್ದು. ನೀವು ಮೊದಲನೇ ಗಿರಾಕಿ" ಎಂದಳು. ಗಂಗಾ ನಗುತ್ತ ನಗುತ್ತ ಸ್ಟೂಲಿನ ಮೇಲೆ ಕೂತಳು. ಸ್ಟೂಲು ಕಿರ್ರೆಂದಿತು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಟೀಚರ್ ಹೋಗಿ ಗಂಗಾ ಆಯಿತು, ನೀವು ಹೋಗಿ ನೀ ಆಯಿತು. ಶನಿವಾರ ಮುಂಜಾನೆಯ ಸಾಲಿ ಬಿಟ್ಟ ಮೇಲೆ ಗಂಗಾ ನೇರ ಅಂಗಡಿಗೇ ಬರುತ್ತಿದ್ದಳು. ಪೇಪರಿನಲ್ಲಿ ಕಟ್ಟಿಸಿಕೊಂಡು ತಂದ ಮಂಡಾಳ ವಗ್ಗರಣಿ, ಬಿಸಿ ಮಿರ್ಚಿ ಬಜ್ಜಿ. ಮಷಿನ್ನಿನ ಹಲಗೆಯೇ ಅವರ ಊಟದ ಮೇಜು.

ಗಂಗಾ ಎರಡು ವರ್ಷದ ಹಿಂದೆ ಆಪರೇಷನ್ ಮಾಡಿಸಿಕೊಂಡಳು. ಹೊಟ್ಟೆಯ ಚೀಲವನ್ನೇ ಸಣ್ಣದು ಮಾಡುತ್ತಾರಂತೆ ಎಂದು ಓಣಿಯೆಲ್ಲ ಮಾತಾಡಿತು. ಆಮೇಲೆ ಅವಳ ಬ್ಲೌಸುಗಳು ಒಂದರ ಹಿಂದೊಂದು ಶಮೀನಾಳ ಅಂಗಡಿಗೆ ವಾಪಸು ಬಂದವು. ಬಗಲು ಹಿಡಿ, ಬೆನ್ನು ಹಿಡಿ, ತೋಳು ಹಿಡಿ. ಪ್ರತಿ ಸಲ ಹೊಲಿಗೆ ಬಿಚ್ಚಿ ಒಳಗೆ ತೆಗೆದುಕೊಳ್ಳುವಾಗ ಶಮೀನಾಳಿಗೆ ಬೆರಗಾಗುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು. ಈಗೀಗ ಗಂಗಾ ಚೌರಿ ಕೂದಲು ಸೇರಿಸಿ ಜಡೆ ಹಾಕಿಕೊಳ್ಳುತ್ತಿದ್ದಳು. ಅದೂ ಹೊಸ ಶೋಕಿ ಇರಬೇಕೆಂದುಕೊಂಡಿದ್ದಳು ಶಮೀನಾ.

ಶಮೀನಾಳಿಗೆ ಚಂದ ಕಾಣುವ ಆಸೆ ಅಷ್ಟಾಗಿ ಇರಲಿಲ್ಲ. ಮಣಕಾಲು ಹೋಗಿದ್ದವು, ಸಕ್ಕರೆ ಏರಿತ್ತು. ನಾಲ್ಕು ವರ್ಷದಿಂದ ಕುರ್ಚಿಯ ಮೇಲೆ ಕೂತು ನಮಾಜು ಮಾಡುತ್ತಿದ್ದಳು. ಹಣೆ ನೆಲಕ್ಕೆ ಮುಟ್ಟಿಸಬೇಕೆಂದು ಜೀವ ತಪಿಸುತ್ತಿತ್ತು. ಅದನ್ನು ಗಂಡ ಫಾರೂಕನ ಮುಂದೆ ಕೂಡ ಹೇಳಿರಲಿಲ್ಲ, ಗಂಗಾಳ ಮುಂದೆ ಹೇಳಿದ್ದಳು. ಕಾಲಿನ ಉಗುರು ಕತ್ತರಿಸಿಕೊಳ್ಳಲು ಬಗ್ಗಲಾಗದೆ ಒದ್ದಾಡುವುದನ್ನು ಕಂಡು ಗಂಗಾ ಒಂದು ಶನಿವಾರ ಅಂಗಡಿಯ ಪರದೆ ಎಳೆದು, ನೆಲದಲ್ಲಿ ಕೂತು, ಅವಳ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಹತ್ತೂ ಉಗುರು ತೆಗೆದಿದ್ದಳು. "ನೀನೂ ಮಾಡಿಸ್ಕೋ, ಶಮೀನಾ. ಏನೂ ಆಗಂಗಿಲ್ಲ. ಹದಿನೈದು ದಿನಕ್ಕ ಎಲ್ಲಾ ಉಣ್ಣಾಕ ಹತ್ತಿದ್ದೆ ನಾ" ಎಂದು ಮೊದಲ ಸಲ ಅಂದದ್ದು ಅವತ್ತೇ.

ಮನೆಯಲ್ಲಿ ಯಾರಿಗೂ ಒಪ್ಪಿಗೆ ಇರಲಿಲ್ಲ. ಅತ್ತೆ ಮುಮ್ತಾಜಬೇಗಂ, "ಅಲ್ಲಾ ಕೊಟ್ಟ ಹೊಟ್ಟೀನ ಯಾರರ ಕೊಯ್ಸಿಕೋತಾರೇನು" ಎಂದು ತಸ್ಬಿಯ ಮಣಿ ಎಣಿಸುತ್ತ ಮುಖ ತಿರುಗಿಸಿದ್ದಳು. ಅಕ್ಕಿ ಗಿರಣಿಯ ಲಾರಿ ಓಡಿಸುವ ಫಾರೂಕ ಜಗಳವಾಡುವವನಲ್ಲ. "ನನಗ ನೀ ಹೆಂಗ ಇದ್ದರೂ ನಡೀತೈತಿ. ಆ ಟೀಚರ್ ಮಾತು ಕೇಳಿ ಯಾಕ ಹೋಗ್ತಿ?" ಎಂದಷ್ಟೇ ಅಂದಿದ್ದ. ಅದಕ್ಕೆ ಶಮೀನಾ ಮೂರು ದಿನ ಮಾತು ಬಿಟ್ಟಿದ್ದಳು. ಗಂಗಾಳ ವಿರುದ್ಧ ಆಡಿದ ಒಂದು ಮಾತನ್ನೂ ಅವಳು ತಾಳುತ್ತಿರಲಿಲ್ಲ.

ಹೋದ ತಿಂಗಳು ಇದೇ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ವಾಂತಿ ಆಗಬಹುದು, ಕೂದಲು ಉದುರಬಹುದು, ರಕ್ತ ಕಡಿಮೆಯಾಗಬಹುದು, ಗುಳಿಗೆ ಜೀವನಪೂರ್ತಿ. ಅವರು ಒಂದೊಂದು ಹೇಳಿದಾಗಲೂ ಶಮೀನಾ ಪಕ್ಕಕ್ಕೆ ತಿರುಗಿ ಗಂಗಾಳ ಮುಖ ನೋಡಿದ್ದಳು. ಗಂಗಾ ಪ್ರತಿ ಸಲವೂ ಕಣ್ಣು ಮುಚ್ಚಿ ತೆರೆದು, ಏನಿಲ್ಲ ಎಂಬಂತೆ ತುಸುವೇ ತಲೆ ಆಡಿಸಿದ್ದಳು. ವಾಪಸು ಹೋಗುವಾಗ ರೈಲಿನಲ್ಲಿ, "ಅವರು ಹಂಗ ಹೇಳಬೇಕಾಗ್ತೈತಿ, ಕಾಯ್ದೆ ಐತಿ. ನೀ ನನ್ನ ನೋಡು" ಎಂದಿದ್ದಳು. ಶಮೀನಾ ನೋಡಿದ್ದಳು. ಆ ಮುಖ ನೋಡಿಯೇ ಎರಡು ವಾರದಿಂದ ಗಂಜಿಯ ತಿಳಿ, ಮಜ್ಜಿಗೆ, ಆಸ್ಪತ್ರೆಯವರು ಕೊಟ್ಟ ಪುಡಿ ಕುಡಿದುಕೊಂಡಿದ್ದಳು. ಮನೆಗೆ ಬಂದ ನೆಂಟರಿಗೆ ಬಿರಿಯಾನಿ ಮಾಡಿ ಬಡಿಸಿ, ಕೈಯ ವಾಸನೆಯನ್ನಷ್ಟೇ ಮೂಸಿ ಮಲಗಿದ್ದಳು.

"ಎಷ್ಟು ಸಲ ಬಂದಿ ಡ್ರಿಪ್ಪಿಗೆ?" ಕೊನೆಗೂ ಕೇಳಿದಳು.

"ನಾಲ್ಕೈದು ಸಲ."

"ಯಾವಾಗ?"

"ಟ್ರೇನಿಂಗ್ ಐತಿ ಅಂತ ನಿನಗ ಹೇಳಿ ಹೋಗ್ತಿದ್ನಲ್ಲ, ಅವಾಗ."

"ಕೂದಲು?"

ಗಂಗಾಳ ಕೈ ತಾನಾಗಿ ಜಡೆಯ ಬುಡಕ್ಕೆ ಹೋಗಿ ಬಂತು.

"ಯಾಕ ಹೇಳಲಿಲ್ಲ, ಗಂಗಾ?"

"ನಿನಗ ಸಕ್ಕರಿ ಐತಿ, ಮಣಕಾಲು ಹೋಗ್ಯಾವ. ಇದರಿಂದ ನಿನಗ ಛಲೋ ಆಗ್ತೈತಿ. ಅದು ಸುಳ್ಳಲ್ಲ. ಎಲ್ಲಾರಿಗೂ ನನ್ನಂಗ ಆಗಂಗಿಲ್ಲ."

"ಅದನ್ನ ಕೇಳಲಿಲ್ಲ ನಾ. ಯಾಕ ಹೇಳಲಿಲ್ಲ?"

ಗಂಗಾ ಎದ್ದು ಬಾಗಿಲು ಮುಚ್ಚಿ ಬಂದಳು. ಕೂರಲಿಲ್ಲ, ಖಾಲಿ ಮಂಚದ ಕಬ್ಬಿಣದ ಸರಳು ಹಿಡಿದು ನಿಂತಳು. ಸಾಲಿಯಲ್ಲಿ ಪಾಠ ಹೇಳುವ ಗಟ್ಟಿ ದನಿ ಎಲ್ಲಿಗೋ ಹೋಗಿತ್ತು.

"ಮದುವಿಗೆ ಹೋಗ್ತೀನಿ, ಎಲಿ ಹಾಕ್ತಾರ. ನಾಲ್ಕು ತುತ್ತಿಗೆ ಎದಿ ಒತ್ತಿ ಬರ್ತೈತಿ. ಎದ್ದರ ಸಿಟ್ಟಾಗ್ತಾರ, ಕುಂತರ ಉಣ್ಣವಾ ಉಣ್ಣವಾ ಅಂತ ಮತ್ತ ಬಡಸ್ತಾರ. ಮನ್ಯಾಗ ಮೊದಲ ನಮ್ಮ ಮನಿಯವರೂ ನಾನೂ ಕೂಡೇ ಉಣ್ತಿದ್ವಿ. ಈಗ ಅವರೊಬ್ರ ಉಂಡು ಎದ್ದು ಹೋಗ್ತಾರ. ನಾ ಅಡಗಿಮನ್ಯಾಗ ನಿಂತು ಬಟ್ಟಲದಾಗ ಇಷ್ಟು ಕಲಸ್ಕೊಂಡು ಕೂಸಿನಂಗ ತಿಂತೀನಿ. ಸಾಲ್ಯಾಗ ಎಲ್ಲಾರೂ ಎಷ್ಟು ಚಂದ ಆಗೀರಿ ಟೀಚರ್ ಅಂತಾರ. ಅವರ ಮುಂದ ಏನಂತ ಹೇಳ್ಲಿ? ಶನಿವಾರ ನೀ ಮಿರ್ಚಿ ತಿಂತಿದ್ದಿ, ನಾ ಒಂದನ್ನ ಕೈಯಾಗ ಹಿಡ್ಕೊಂಡು ನಿನ್ನ ಬಾಯಿ ನೋಡ್ಕೋತ ಕುಂದರ್ತಿದ್ದೆ. ಒಬ್ಬಾಕಿನ ಆಗಿಬಿಟ್ಟೆ, ಶಮೀನಾ. ನೀನೂ ಮಾಡಿಸ್ಕೊಂಡಿ ಅಂದ್ರ ನನ್ನಂಗ ಉಣ್ಣಾಕಿ ಇನ್ನೊಬ್ಬಾಕಿ ಇರ್ತಾಳ ಅನಸ್ತು. ಹೇಳಿದ್ರ ನೀ ಬರ್ತಿದ್ದಿಲ್ಲ."

ವಾಂತಿಯೂ ಅಲ್ಲ, ಕೂದಲೂ ಅಲ್ಲ, ಶಮೀನಾಳನ್ನು ಚುಚ್ಚಿದ್ದು ಬೇರೆ. ತಿಂಗಳು ತಿಂಗಳು ಈ ಮೈಗೆ ಟೇಪು ಸುತ್ತಿದ್ದಳು. ಎಲುಬು ಕೈಗೆ ಹತ್ತುವಾಗ, "ನೀ ಪುಣ್ಯಾ ಮಾಡೀದಿ ಬಿಡು" ಎಂದಿದ್ದಳು. ಆಗೆಲ್ಲ ಗಂಗಾ ಕೈ ಎತ್ತಿ, ಬಾಯಿ ಮುಚ್ಚಿಕೊಂಡು, ಅಳತೆ ಕೊಟ್ಟಿದ್ದಳು.

"ನಿನಗ ಜೋಡಿ ಬೇಕಂತ ನನ್ನ ಹೊಟ್ಟಿ ಕೊಯ್ಸಾಕ ಕರಕೊಂಡು ಬಂದಿ" ಎಂದಳು. ದನಿ ಏರಿರಲಿಲ್ಲ.

"ಹಂಗನಬ್ಯಾಡ."

"ಹೊರಗ ಕುಂದರ್ರಿ, ಟೀಚರ್."

ಗಂಗಾ ಆ ಮಾತಿಗೆ ಹೊಡೆತ ತಿಂದವಳಂತೆ ನೋಡಿದಳು. ಚೀಲ ಎತ್ತಿಕೊಂಡು ಹೊರಟುಹೋದಳು.

ಶಮೀನಾ ಮಂಚದಿಂದ ಇಳಿದು, ಗೋಡೆ ಹಿಡಿದುಕೊಂಡು, ಕಾರಿಡಾರಿನ ಕೊನೆಯಲ್ಲಿದ್ದ ಡಾಕ್ಟರಮ್ಮನ ಕೋಣೆಗೆ ನಡೆದಳು. ಈ ಆಸ್ಪತ್ರೆಯಲ್ಲಿ ಗಂಗಾ ಇಲ್ಲದೆ ಅವಳು ಹೆಜ್ಜೆ ಇಟ್ಟದ್ದು ಇದೇ ಮೊದಲು. ಕುರ್ಚಿಯ ಎರಡೂ ಕೈಗಳ ನಡುವೆ ಮೈ ತುರುಕಿಕೊಂಡು ಕೂತು ಕೇಳಿದಳು.

"ಮೇಡಂ, ವಾಂತಿ ಆಗ್ತಾವೇನ್ರಿ?"

"ಎಲ್ಲಾರಿಗೂ ಆಗಂಗಿಲ್ಲ. ಕೆಲವರಿಗೆ ಆಗ್ತಾವ. ಅವಸರ ಮಾಡಿ ಉಂಡ್ರ, ಗುಳಿಗಿ ಬಿಟ್ರ ಹೆಚ್ಚು. ಹೋದ ತಿಂಗಳ ಇದನ್ನೆಲ್ಲ ಹೇಳೀನಲ್ಲಮ್ಮ?"

"ಹೇಳೀರಿ. ನಾ ಕೇಳಲಿಲ್ಲ." ತುಸು ತಡೆದು ಮತ್ತೆ, "ಸಕ್ಕರಿ?"

"ಭಾಳ ಮಂದಿಗೆ ಇಳೀತೈತಿ. ಮಣಕಾಲಿನ ಭಾರನೂ ಕಡಿಮಿ ಆಗ್ತೈತಿ."

"ನೆಲಕ್ಕ ಬಗ್ಗಿ ನಮಾಜ್ ಮಾಡಬಹುದೇನ್ರಿ?"

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. "ಮಾಡಬಹುದು ಅಂತ ನನಗನಸ್ತೈತಿ. ಖಾತ್ರಿ ಕೊಡಾಕ ಆಗಂಗಿಲ್ಲ. ನಿಮ್ಮ ಮಣಕಾಲು ಈಗಾಗಲೇ ಭಾಳ ಸವದಾವ."

"ಬ್ಯಾಡ ಅಂದ್ರ?"

"ಇವತ್ತ ಮನಿಗೆ ಹೋಗ್ರಿ. ಆರು ತಿಂಗಳು ಬಿಟ್ಟು ಬಂದ್ರೂ ನಾವು ಇಲ್ಲೇ ಇರ್ತೀವಿ. ಯಾರೋ ಹೇಳಿದ್ರಂತ ಮಾಡಿಸ್ಕೊಳ್ಳಾಕ ಹೋಗಬ್ಯಾಡ್ರಿ."

ಖಾತ್ರಿ ಇಲ್ಲ ಎಂಬ ಆ ಮಾತೇ ಯಾಕೋ ಕಾಲಡಿಗೆ ನೆಲ ಕೊಟ್ಟಂತಾಯಿತು. ಇಷ್ಟು ದಿನ ಅವಳ ಕಿವಿಗೆ ಬಿದ್ದದ್ದೆಲ್ಲ ಖಾತ್ರಿಯೇ.

ಹೊರಗೆ ಬಂದು ಮೆಟ್ಟಿಲ ಬಳಿಯ ಬೆಂಚಿನಲ್ಲಿ ಕೂತು ಗಂಡನಿಗೆ ಫೋನು ಹಚ್ಚಿದಳು. ಲಾರಿಯ ಇಂಜಿನ್ನಿನ ಸದ್ದು, ಆಮೇಲೆ ಅದು ನಿಂತ ಸದ್ದು. ನಡೆದದ್ದನ್ನೆಲ್ಲ ಹೇಳಿದಳು. ನಾ ಮೊದಲ ಹೇಳಿದ್ದೆ ಎಂದು ಫಾರೂಕ ಅನ್ನುತ್ತಾನೆಂದು ಕಾದಳು. ಅವನು ಅನ್ನಲಿಲ್ಲ.

"ನಾಳೆ ಮುಂಜಾನಿ ಬರಾಂವ ಇದ್ದೆ. ಈಗ ಹೊರಡ್ತೀನಿ" ಎಂದ. ಆಮೇಲೆ, "ನಿನ್ನ ಜೋಡಿ ಇರಾಕ ಬರ್ಲ್ಯೋ, ವಾಪಸ್ ಕರಕೊಂಡು ಬರಾಕ ಬರ್ಲ್ಯೋ?"

ಶಮೀನಾ ಕಣ್ಣು ಒರೆಸಿಕೊಂಡಳು. ಗಂಗಾವತಿಯ ಅಂಗಡಿ, ಗೋಡೆಗೆ ಒರಗಿಸಿಟ್ಟ ನಮಾಜಿನ ಕುರ್ಚಿ, ಇಳಿಯಲಾರದ ಮೆಟ್ಟಿಲು, ಎಲ್ಲ ಕಣ್ಣ ಮುಂದೆ ಬಂದವು. ಆ ಕಷ್ಟಗಳೇನೂ ಯಾರೋ ಸುಳ್ಳು ಹೇಳಿ ತಂದವಲ್ಲ.

"ಇರಾಕ ಬರ್ರಿ" ಎಂದಳು.

ಮರುದಿನ ಮುಂಜಾನೆ ಹಸಿರು ಗೌನು ಹಾಕಿಸಿ, ಬೆನ್ನ ಹಿಂದೆ ದಾರ ಕಟ್ಟಿದ ಮೇಲೆ ನರ್ಸು ಅವಳ ಕೈ ನೋಡಿ, "ಬಳಿ ತಗೀಬೇಕ್ರಿ" ಎಂದಳು. ಎರಡೂ ಕೈಯಲ್ಲಿ ಹಸಿರು ಗಾಜಿನ ಬಳೆ, ಮುಂಗೈಯ ಮಾಂಸದಲ್ಲಿ ಕಚ್ಚಿಕೊಂಡು ಕೂತಿದ್ದವು. ಶಮೀನಾ ಎಳೆದು ನೋಡಿದಳು. ನರ್ಸೂ ಎಳೆದಳು. ಚರ್ಮ ಕೆಂಪಾಯಿತೇ ಹೊರತು ಒಂದೂ ಜರುಗಲಿಲ್ಲ.

"ಒಡದುಬಿಡ್ರಿ" ಎಂದಳು ಶಮೀನಾ.

"ಒಡೀಬ್ಯಾಡ್ರಿ" ಎಂಬ ದನಿ ಬಾಗಿಲಿನಿಂದ ಬಂತು. ಕಾರಿಡಾರಿನ ಬೆಂಚಿನಲ್ಲೇ ರಾತ್ರಿ ಕಳೆದಿದ್ದ ಗಂಗಾ. ಸೀರೆ ಮುದ್ದೆಯಾಗಿತ್ತು, ಕಣ್ಣು ಊದಿಕೊಂಡಿದ್ದವು. ಮಂಚದ ಕಾಲಬುಡದಲ್ಲಿ ನಿಂತಿದ್ದ ಫಾರೂಕ ಹೆಂಡತಿಯ ಮುಖ ನೋಡಿದ. ಗಂಗಾ ಒಳಗೆ ಬಂದು, ಬಚ್ಚಲಿನಲ್ಲಿ ಕೈತುಂಬ ಸಾಬೂನು ನೊರೆ ಮಾಡಿಕೊಂಡು ಬಂದು, ಮಂಚದ ಪಕ್ಕ ಮಣಕಾಲೂರಿ ಕೂತಳು.

ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಬೆರಳ ಗೆಣ್ಣುಗಳನ್ನು ಒತ್ತಿ, ಒಂದೊಂದೇ ಬಳೆಯನ್ನು ತಿರುಗಿಸುತ್ತ ಜಾರಿಸತೊಡಗಿದಳು. ನೋವಾಗದಂತೆ ನಡುನಡುವೆ ನಿಲ್ಲಿಸುತ್ತಿದ್ದಳು. ಶಮೀನಾ ಎದುರಿನ ಗೋಡೆ ನೋಡುತ್ತಿದ್ದಳು. ಬಲಗೈ ಮುಗಿಯಿತು, ಎಡಗೈಯನ್ನೂ ಕೊಟ್ಟಳು. ಒಂದು ಬಳೆಯೂ ಒಡೆಯಲಿಲ್ಲ. ಎಲ್ಲವನ್ನೂ ತೆಗೆದ ಮೇಲೆ ಗಂಗಾ ತನ್ನ ಸೆರಗಿನ ತುದಿ ಬಿಡಿಸಿ ಅದರಲ್ಲಿ ಕಟ್ಟಿಕೊಳ್ಳಲು ಹೊರಟಳು.

ಶಮೀನಾ ಅಂಗೈ ಚಾಚಿದಳು. "ಕೊಡ್ರಿ."

ಗಂಗಾ ಹಿಂಜರಿದಳು, ಆಮೇಲೆ ಕೊಟ್ಟಳು. ಶಮೀನಾ ಹಸಿ ಬಳೆಗಳನ್ನು ಹಾಗೆಯೇ ಫಾರೂಕನ ಕೈಗೆ ದಾಟಿಸಿದಳು. ಅವನು ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗಿಯ ಜೇಬಿಗೆ ಇಳಿಬಿಟ್ಟ, ಎದೆಯ ಮೇಲೆ ನೀರಿನ ಕಲೆ ಹರಡಿತು.

ಗಾಲಿಕುರ್ಚಿ ಬಂತು. ಫಾರೂಕ ಜೊತೆಗೆ ನಡೆದ. ಲಿಫ್ಟಿನ ಬಾಗಿಲು ಎರಡೂ ಕಡೆಯಿಂದ ಮುಚ್ಚಿಕೊಳ್ಳುತ್ತಿದ್ದಾಗ ಕಾರಿಡಾರಿನ ಆ ತುದಿಯಲ್ಲಿ ಗಂಗಾ ಕಂಡಳು. ಕೈ ತೊಳೆಯಲು ಹೋಗಿರಲಿಲ್ಲ. ನೊರೆ ಒಣಗುತ್ತಿದ್ದ ಕೈಗಳನ್ನು ಸೀರೆಗೆ ತಾಗದಂತೆ ಮುಂದಕ್ಕೆ ಹಿಡಿದುಕೊಂಡು, ದಾರಿ ಬಿಟ್ಟು, ಗೋಡೆಗೆ ಅಂಟಿ ನಿಂತಿದ್ದಳು.